ಲಾಗಿನ್ ಆದೊಡನೆ ಜಾಗ ತಪ್ಪುವ ವಿಂಡೋಗಳು: ನಾಲ್ಕು ದಾರಿಗಳ ಹೋಲಿಕೆ

ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ವಿಂಡೋಗಳ ಜಾಗ ಮತ್ತು ಅಳತೆಯನ್ನು ಉಳಿಸುವ ದಾರಿಗಳು ಎರಡು ಬಗೆಯವು. ಕೆಲವು ನಾವು ಲಾಗ್‌ಔಟ್ ಆಗುವಾಗ ಎಲ್ಲವನ್ನೂ ಬರೆದಿಡುತ್ತವೆ. ಇನ್ನು ಕೆಲವು ವಿಂಡೋ ತೆರೆದಾಗ ಅದನ್ನು ಹಿಡಿದು ನಿಯಮದಂತೆ ಕೂರಿಸುತ್ತವೆ. ಕೊಡಗಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಈ ವ್ಯತ್ಯಾಸವೇ ಮುಖ್ಯ. ಗಾಳಿಮಳೆಗೆ ಸಿಲ್ವರ್ ಓಕ್ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ಯುಪಿಎಸ್ ಬ್ಯಾಟರಿ ಸೊರಗಿದ್ದರೆ ಲಾಗ್‌ಔಟ್ ಆಗಲು ಪುರುಸೊತ್ತೇ ಸಿಗುವುದಿಲ್ಲ.

ನಾನು ಕೆಲಸ ಮಾಡುವುದು ಗೋಣಿಕೊಪ್ಪಲಿನಲ್ಲಿ, ಕಾಫಿ ಲೆಕ್ಕ ಬರೆಯುವ ಹಳೆಯ ಕಂಪ್ಯೂಟರಿನಲ್ಲಿ. ಅದರಲ್ಲಿರುವುದು ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಡೆಸ್ಕ್‌ಟಾಪ್. ಎಡಕ್ಕೆ 50 ಕಿಲೋ ಚೀಲಗಳ ಮತ್ತು ಔಟ್‌ಟರ್ನಿನ (ಒಣಗಿದ ಕಾಫಿಯಿಂದ ಸಿಗುವ ಬೇಳೆಯ ಪ್ರಮಾಣ) ಲೆಕ್ಕ, ಬಲಕ್ಕೆ ಬ್ರೌಸರಿನಲ್ಲಿ ದಿನದ ಧಾರಣೆ, ಕೆಳಗೆ ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಮಳೆ ಬರೆಯುವ ಚಿಕ್ಕ ಹಾಳೆ. ಬೆಳೆಗಾರರು ಎದುರಿಗೆ ಕೂತಿರುವಾಗ ಈ ಮೂರೂ ಒಟ್ಟಿಗೆ ಕಣ್ಣಿಗೆ ಬೀಳಬೇಕು.

ಯಾವ ದಾರಿ ಹಿಡಿಯುವುದಕ್ಕೂ ಮೊದಲು ಒಂದು ತಪಾಸಣೆ ಮಾಡಿ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹೋಮ್ ಫೋಲ್ಡರಿನ ಅಡಗಿದ ಕಡತಗಳು ಕಾಣುತ್ತವೆ. ಅಲ್ಲಿ ಸೆಟ್ಟಿಂಗ್ಸ್ ಇರುವ ಡಾಟ್ ಕಾನ್ಫಿಗ್ (.config) ಫೋಲ್ಡರ್ ಮತ್ತು ಅದರೊಳಗಿನ ಕಡತಗಳ ಒಡೆಯ ಯಾರೆಂದು ನೋಡಿ. ನಮ್ಮ ಕಂಪ್ಯೂಟರನ್ನು ಸಿದ್ಧಪಡಿಸಿ ಕೊಟ್ಟವರು ಸೆಟ್ಟಿಂಗ್ಸನ್ನು ಸುಡೊ (ಆಡಳಿತಗಾರನ ಅಧಿಕಾರದಿಂದ ಕೆಲಸ ಮಾಡಿಸುವ ಆದೇಶ) ಬಳಸಿ ತೆರೆದಿದ್ದರು. ಹಾಗಾಗಿ ಕೆಲವು ಕಡತಗಳು ರೂಟ್ ಎಂಬ ಆಡಳಿತಗಾರ ಖಾತೆಯ ಹೆಸರಿನಲ್ಲಿದ್ದವು. ಅಂಥ ಕಡತವನ್ನು ನಮ್ಮ ಖಾತೆ ಓದಬಹುದು, ತಿದ್ದಲಾಗದು. ಬದಲಾವಣೆ ಆ ಹೊತ್ತಿಗೆ ಆದಂತೆ ಕಾಣುತ್ತದೆ, ಮರುಲಾಗಿನ್‌ನಲ್ಲಿ ಮಾಯವಾಗುತ್ತದೆ. ಚೌನ್ (chown) ಆದೇಶದಿಂದ ಒಡೆತನ ಮರಳಿಸಿದರೆ ಇದು ಸರಿಹೋಗುತ್ತದೆ. ಡಿಸ್ಕ್ ಪೂರ್ತಿ ತುಂಬಿದ್ದರೂ ಇದೇ ಲಕ್ಷಣ ಕಾಣಿಸಿಕೊಳ್ಳುತ್ತದೆ.

ಒಡೆತನ ಸರಿಯಾದ ಮೇಲೆ ಟೈಟಲ್ ಬಾರಿನ ಥೀಮ್, ಗುಂಡಿಗಳ ಕ್ರಮ ನಿಂತವು. ವಿಂಡೋಗಳ ಜಾಗ ಮಾತ್ರ ನಿಲ್ಲಲಿಲ್ಲ. ಹೋಲಿಕೆ ಶುರುವಾಗುವುದು ಇಲ್ಲಿಂದ.

ಎಕ್ಸ್‌ಎಫ್‌ಸಿಇಯದೇ ಸೆಷನ್ ಉಳಿಕೆ (ತೆರೆದಿದ್ದ ವಿಂಡೋಗಳನ್ನು ಬರೆದಿಟ್ಟು ಮುಂದಿನ ಲಾಗಿನ್‌ನಲ್ಲಿ ಮತ್ತೆ ತೆರೆಯುವುದು) ಅತಿ ಸುಲಭ: ಒಂದು ಗುರುತು ಹಾಕಿದರೆ ಸಾಕು. ಆದರೆ ತಾನಾಗಿ ಉಳಿಸುವುದು ಲಾಗ್‌ಔಟ್‌ನಲ್ಲಿ; ಕರೆಂಟು ಕಡಿದ ದಿನ ಆ ದಿನದ ಜೋಡಣೆ ಉಳಿಯುವುದಿಲ್ಲ. ತಾನಾಗಿ ಉಳಿಸುವುದನ್ನು ನಿಲ್ಲಿಸಿ, ಎಲ್ಲವೂ ಸರಿಯಾಗಿರುವಾಗ ಒಮ್ಮೆ ಕೈಯಾರೆ ಉಳಿಸಿಟ್ಟರೆ ಬಹಳ ಮೇಲು. ಆದರೂ ಸೆಷನ್ ಪದ್ಧತಿಗೆ ಸ್ಪಂದಿಸುವ ತಂತ್ರಾಂಶಗಳಿಗಷ್ಟೇ ಅದರ ಪ್ರಯೋಜನ.

ಆದೇಶ ಕೊಟ್ಟು ವಿಂಡೋ ಸರಿಸುವ ಡಬ್ಲ್ಯುಎಂಸಿಟಿಆರ್‌ಎಲ್ (wmctrl) ಬಳಸಿ ಬರೆದ ಸ್ಕ್ರಿಪ್ಟ್ ನನಗೆ ಹಿಡಿಸಲಿಲ್ಲ. ಅದು ವಿಂಡೋ ತೆರೆಯುವವರೆಗೆ ಕಾಯಬೇಕು, ಎಷ್ಟು ಕಾಯಬೇಕೆಂದು ನಾವೇ ಅಂದಾಜಿಸಬೇಕು. ಹಳೆಯ ಹಾರ್ಡ್ ಡಿಸ್ಕ್ ಒಂದು ದಿನ ಬೇಗ, ಇನ್ನೊಂದು ದಿನ ನಿಧಾನ.

ಡೆವಿಲ್‌ಸ್ಪೈ2 ಎಂಬ ತಂತ್ರಾಂಶ ಹಾಗಲ್ಲ. ಅದು ಹಿನ್ನೆಲೆಯಲ್ಲಿದ್ದು, ಪ್ರತಿ ವಿಂಡೋ ತೆರೆದಾಗಲೂ ಲುವಾ ಭಾಷೆಯ ನಿಯಮಗಳನ್ನು ಓದಿ ಜಾರಿಗೊಳಿಸುತ್ತದೆ. ಹಿಂದಿನ ದಿನ ಯಂತ್ರ ಹೇಗೆ ಆರಿತು ಎಂಬುದು ಅದಕ್ಕೆ ಬೇಕಿಲ್ಲ. ಒಂದು ಎಚ್ಚರ: ಲೆಕ್ಕದ ಹಾಳೆ ಎಡ ಅರ್ಧದಲ್ಲಿ ಇರಲಿ ಎಂದು ತಂತ್ರಾಂಶದ ಹೆಸರಿಗೆ ನಿಯಮ ಬರೆದರೆ, ಅದೇ ತಂತ್ರಾಂಶದ ಹುಡುಕುವ ಪುಟ್ಟ ಪೆಟ್ಟಿಗೆಯೂ ಅರ್ಧ ಪರದೆಯಷ್ಟು ಹಿಗ್ಗಿ ಲೆಕ್ಕವನ್ನು ಮುಚ್ಚಿಬಿಡುತ್ತದೆ. ವಿಂಡೋ ಸಾಮಾನ್ಯ ಬಗೆಯದೇ ಎಂದು ಮೊದಲು ಪರೀಕ್ಷಿಸುವ ಒಂದು ಸಾಲು ಸೇರಿಸಿದರೆ ಪೆಟ್ಟಿಗೆ ತನ್ನ ಅಳತೆಯಲ್ಲೇ ಉಳಿಯುತ್ತದೆ. ಇನ್ನೊಂದು ಮಿತಿ ದೊಡ್ಡದು: ಇದು ಪರದೆಗೆ ವಿಂಡೋ ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಮೇಲೆ ಮಾತ್ರ ನಡೆಯುತ್ತದೆ, ಹೊಸದಾದ ವೇಲ್ಯಾಂಡ್‌ನಲ್ಲಿ ಇಲ್ಲ.

ಕೆಡಿಇ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪಿನ ವಿಂಡೋ ನಿಯಮಗಳು ಇವೆಲ್ಲಕ್ಕಿಂತ ಅಚ್ಚುಕಟ್ಟು. ಟೈಟಲ್ ಬಾರ್ ಮೇಲೆ ಬಲ ಕ್ಲಿಕ್ ಮಾಡಿ ಜಾಗ, ಅಳತೆ, ವರ್ಚುವಲ್ ಡೆಸ್ಕ್‌ಟಾಪ್ ಆರಿಸಬಹುದು. ಒಂದಕ್ಷರ ಕೋಡ್ ಬೇಡ. ನಿಯಮವನ್ನು ಜಾರಿಗೊಳಿಸುವುದು ವಿಂಡೋ ವ್ಯವಸ್ಥಾಪಕವೇ ಆದ್ದರಿಂದ ವೇಲ್ಯಾಂಡ್‌ನಲ್ಲೂ ನಡೆಯುತ್ತದೆ. 2024ರ ಫೆಬ್ರುವರಿಯಲ್ಲಿ ಬಂದ ಪ್ಲಾಸ್ಮಾ 6ರಲ್ಲಿ ವೇಲ್ಯಾಂಡೇ ಮೊದಲ ಆಯ್ಕೆ. ನಮ್ಮಂಥವರಿಗೆ ‘ರಿಮೆಂಬರ್’ಗಿಂತ ‘ಅಪ್ಲೈ ಇನಿಷಿಯಲಿ’ ಒಳ್ಳೆಯದು: ಮೊದಲನೆಯದು ಕೊನೆಯ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ, ಎರಡನೆಯದು ನಾವು ಹೇಳಿದ ಜಾಗದಲ್ಲೇ ತೆರೆದು ಆಮೇಲೆ ಸರಿಸಲು ಬಿಡುತ್ತದೆ. ‘ಫೋರ್ಸ್’ ಹಾಕಿದರೆ ವಿಂಡೋ ಅಲುಗುವುದೇ ಇಲ್ಲ. ಧಾರಣೆಯ ಪುಟವನ್ನು ಬೆಳೆಗಾರರಿಗೆ ಕಾಣುವಂತೆ ಅತ್ತ ಎಳೆಯಬೇಕಾದಾಗ ತೊಡಕಾಗುತ್ತದೆ.

ಹೊಸ ಯಂತ್ರ ಕೊಳ್ಳುವವರಿಗೆ ನಾನು ಪ್ಲಾಸ್ಮಾವನ್ನೇ ಹೇಳುತ್ತೇನೆ. ನಮ್ಮ 4 ಜಿಬಿ ಯಂತ್ರದಲ್ಲಿ ಬ್ರೌಸರ್ ಮತ್ತು ಲೆಕ್ಕ ಒಟ್ಟಿಗೆ ತೆರೆದಾಗ ಅದು ಏದುಸಿರು ಬಿಟ್ಟಿತು. ಇಲ್ಲಿ ಈಗ ಎಕ್ಸ್‌ಎಫ್‌ಸಿಇ ಮೇಲೆ ಡೆವಿಲ್‌ಸ್ಪೈ2 ಇದೆ, ಸೆಷನ್ ಉಳಿಕೆಯನ್ನು ಪೂರ್ತಿ ನಿಲ್ಲಿಸಿದ್ದೇನೆ; ಎರಡೂ ಒಟ್ಟಿಗಿದ್ದರೆ ಒಂದೇ ಹಾಳೆ ಎರಡು ಸಲ ತೆರೆಯುವುದುಂಟು. ನಿಯಮಗಳ ಕಡತ ಬರಿಯ ಪಠ್ಯ. ಮುಂಗಾರಿಗೆ ಮುನ್ನ ಅದರ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ, ಸಿಡಿಲಿಗೆ ಡಿಸ್ಕ್ ಹೋದರೂ ಬೇರೆ ಯಂತ್ರದಲ್ಲಿ ಅದನ್ನೇ ಇಟ್ಟು ಕೆಲಸ ಮುಂದುವರಿಸಬಹುದು.