ಸಂಗೀತ ಡಿಪ್ಲೊಮಾ, ಗ್ರೇಡ್ ಪರೀಕ್ಷೆ, ಆನ್‌ಲೈನ್ ಕೋರ್ಸ್, ಆರ್ಕೆಸ್ಟ್ರಾ: ಕೊಡಗಿನಿಂದ ಹೊರಡುವವರಿಗೆ ಒಂದು ಹೋಲಿಕೆ

ಪಿಯುಸಿ ಮುಗಿದ ಮೇಲೆ ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್ ಅಥವಾ ಹಾಡನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವವರ ಮುಂದೆ ನಾಲ್ಕು ದಾರಿಗಳಿವೆ. ಬೆಂಗಳೂರು, ಚೆನ್ನೈ ಕಡೆಯ ಖಾಸಗಿ ಶಾಲೆ ಸೇರಿ ಪೂರ್ಣಾವಧಿ ಡಿಪ್ಲೊಮಾ ಮಾಡಬಹುದು. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಮೇಷ್ಟ್ರ ಹತ್ತಿರ ಕಲಿತು ಗ್ರೇಡ್ ಪರೀಕ್ಷೆ ಬರೆಯಬಹುದು. ಮನೆಯಲ್ಲೇ ಕೂತು ಆನ್‌ಲೈನ್ ಕೋರ್ಸ್ ಮಾಡಬಹುದು. ಇಲ್ಲವೇ ನೇರವಾಗಿ ಆರ್ಕೆಸ್ಟ್ರಾದವರ ಜೊತೆ ಸೇರಿಕೊಳ್ಳಬಹುದು. ನಾಲ್ಕನ್ನೂ ಬಳಸಿ ನೋಡಿದವರಾಗಿ ನಮ್ಮ ಅಭಿಪ್ರಾಯ ಮೊದಲೇ ಹೇಳುತ್ತೇವೆ: ಬೆರಳಿನ ಅಭ್ಯಾಸಕ್ಕಾಗಿ ದುಬಾರಿ ಶಾಲೆಗೆ ಹೋಗಬೇಡಿ. ಅಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಒಂದೇ, ನಿಮ್ಮ ಮಟ್ಟದ ನಾಲ್ಕು ಜನರ ಜೊತೆ ಒಂದು ಕೋಣೆಯಲ್ಲಿ ನುಡಿಸುವ ಗಂಟೆಗಳು.

ಗ್ರೇಡ್ ಪರೀಕ್ಷೆಯಿಂದ ಶುರು ಮಾಡೋಣ, ಹೆಚ್ಚಿನವರ ಕೈಗೆಟುಕುವುದು ಅದೇ. ಲಂಡನ್ನಿನ ಪರೀಕ್ಷಾ ಸಂಸ್ಥೆ ಟ್ರಿನಿಟಿಯ ರಾಕ್ ಅಂಡ್ ಪಾಪ್‌ನಲ್ಲಿ ಇನಿಷಿಯಲ್‌ನಿಂದ ಗ್ರೇಡ್ 8ರವರೆಗೆ ಹಂತಗಳಿವೆ. ಬ್ಯಾಕಿಂಗ್ ಟ್ರ್ಯಾಕ್ (ಉಳಿದ ವಾದ್ಯಗಳ ಮೊದಲೇ ಮಾಡಿಟ್ಟ ರೆಕಾರ್ಡಿಂಗ್) ಜೊತೆ ಮೂರು ಹಾಡು, ಆಮೇಲೆ ಸೆಷನ್ ಸ್ಕಿಲ್ಸ್ ಎಂಬ ಭಾಗ. ಇದರಲ್ಲಿ ಪ್ಲೇಬ್ಯಾಕ್ (ಕೇಳಿದ್ದನ್ನು, ಓದಿದ್ದನ್ನು ಆಗಲೇ ನುಡಿಸುವುದು) ಅಥವಾ ಇಂಪ್ರೊವೈಸಿಂಗ್ (ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು), ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. 100ಕ್ಕೆ 60 ಬಂದರೆ ಪಾಸ್, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಇಂಥದೇ ಇನ್ನೊಂದು ಪರೀಕ್ಷೆ ರಾಕ್‌ಸ್ಕೂಲ್‌ನಲ್ಲಿ ಹಾಡುಗಳ ಜೊತೆಗೆ ಟೆಕ್ನಿಕಲ್ ಎಕ್ಸರ್‌ಸೈಜ್, ಇಯರ್ ಟೆಸ್ಟ್ ಮತ್ತು ಬಾಯಿಪ್ರಶ್ನೆಗಳೂ ಇವೆ. ಹಾಗಾಗಿ ಸ್ಕೇಲ್ ಅಭ್ಯಾಸಕ್ಕೆ ಚಕ್ಕರ್ ಹೊಡೆಯುವವರನ್ನು ಬಗ್ಗಿಸಲು ಅದೇ ವಾಸಿ. ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಸ್ಥೆಯ ಪರೀಕ್ಷೆ ಹೆಚ್ಚಾಗಿ ಪಾಶ್ಚಾತ್ಯ ಶಾಸ್ತ್ರೀಯದ ದಾರಿ. 150ಕ್ಕೆ 100 ಬಂದರೆ ಪಾಸ್, ಆದರೆ ಗ್ರೇಡ್ 6ರಿಂದ ಮೇಲೆ ಹೋಗಲು ಗ್ರೇಡ್ 5 ಥಿಯರಿಯನ್ನೋ ಅದಕ್ಕೆ ಸಮನಾದ ಇನ್ನೊಂದನ್ನೋ ಮೊದಲು ಮುಗಿಸಿರಬೇಕು. ಈ ನಿಯಮ ಗೊತ್ತಿಲ್ಲದೆ ಎಷ್ಟೋ ಮಕ್ಕಳು ಗ್ರೇಡ್ 5ರಲ್ಲೇ ನಿಂತುಬಿಡುತ್ತಾರೆ.

ಗ್ರೇಡ್ ದಾರಿಯ ದೊಡ್ಡ ಕೊರತೆ ಬ್ಯಾಕಿಂಗ್ ಟ್ರ್ಯಾಕ್. ಅದು ಯಾರಿಗೂ ಕಾಯುವುದಿಲ್ಲ, ಯಾವತ್ತೂ ತಪ್ಪುವುದೂ ಇಲ್ಲ. ನಿಜವಾದ ಗಾಯಕರು ಚರಣವನ್ನು ಎರಡು ಬಾರ್ (ತಾಳದ ಸುತ್ತು) ಮೊದಲೇ ಎತ್ತಿಕೊಳ್ಳುತ್ತಾರೆ, ಡ್ರಮ್ಮರ್ ಫಿಲ್ (ಸಾಲುಗಳ ನಡುವೆ ತುಂಬುವ ಪೆಟ್ಟುಗಳು) ಬಂದಾಗಲೆಲ್ಲ ಓಡುತ್ತಾರೆ, ಹಾಡು ಎಲ್ಲಿ ನಿಲ್ಲಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಗ್ರೇಡ್ 6 ಡಿಸ್ಟಿಂಕ್ಷನ್ ಪಡೆದವರು ಮೊದಲ ಸ್ಟೇಜಿನಲ್ಲಿ ತಬ್ಬಿಬ್ಬಾಗುವುದು ಇಲ್ಲೇ, ಬೆರಳು ಸೋತು ಅಲ್ಲ. ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ನಾಲ್ಕರ ಎಣಿಕೆಯಲ್ಲೇ ಪಳಗಿದ ಡ್ರಮ್ಮರ್‌ಗೆ ಮದುವೆ ಮನೆಯಲ್ಲಿ ವಾಲಗದ (ಕೊಡವರು ಕುಣಿಯುವ ವಾದ್ಯಮೇಳ) ನಡೆ ಬೇಕು ಅಂದರೆ ಕೈ ಕಾಲು ಆಡುವುದಿಲ್ಲ. ಯಾವ ಸಿಲಬಸ್ಸಿನಲ್ಲೂ ಅದು ಇಲ್ಲ, ಕೊಂಬು, ಕೊಟ್ಟು (ಚರ್ಮವಾದ್ಯ) ನುಡಿಸುವವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಆನ್‌ಲೈನ್ ಕೋರ್ಸ್ ಥಿಯರಿ, ಅರೇಂಜಿಂಗ್, ಮಿಕ್ಸಿಂಗ್ ಕಲಿಯಲು ನಿಜಕ್ಕೂ ಒಳ್ಳೆಯದು. ಅಮೆರಿಕದ ಬರ್ಕ್ಲಿಯಂಥ ಸಂಗೀತ ಕಾಲೇಜಿನ ಪಾಠಗಳೇ ಮನೆಗೆ ಬರುತ್ತವೆ. ಆದರೆ ಜೊತೆಯಾಗಿ ನುಡಿಸುವುದಕ್ಕೆ ಅದು ಆಗುವುದೇ ಇಲ್ಲ, ಕಾರಣ ಸರಳ ಲೆಕ್ಕ. ಗಾಳಿಯಲ್ಲಿ ಸದ್ದು ಸುಮಾರು ಮೂರೂವರೆ ಮೀಟರ್ ದಾಟಲು 10 ಮಿಲಿಸೆಕೆಂಡ್ ಬೇಕು. ಒಂದೇ ಕೋಣೆಯಲ್ಲಿ ಆ ತಡ ಗೊತ್ತಾಗದು. ತಡ 25–30 ಮಿಲಿಸೆಕೆಂಡ್ ದಾಟಿತೆಂದರೆ ಒಬ್ಬರಿಗೊಬ್ಬರು ಕಾಯುತ್ತ ಲಯ ನಿಧಾನವಾಗಿ ಇಳಿಯತೊಡಗುತ್ತದೆ. ವಿಡಿಯೊ ಕರೆಯಲ್ಲಿ ಈ ತಡ ಸಾಮಾನ್ಯವಾಗಿ 100ನ್ನೂ ಮೀರುತ್ತದೆ. ಆದ್ದರಿಂದ ಆನ್‌ಲೈನ್ ಮೇಷ್ಟ್ರು ನಿಮ್ಮ ನುಡಿಸುವಿಕೆಯನ್ನು ಕೇಳಿ ತಿದ್ದಬಲ್ಲರು, ಜೊತೆಗೆ ನುಡಿಸಲಾರರು.

ಅದನ್ನೇ ಆರಿಸಿಕೊಂಡರೆ ಕೆಲವು ವ್ಯವಸ್ಥೆ ಮಾಡಿಕೊಳ್ಳಲೇಬೇಕು. ವಾದ್ಯ, ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ, ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್ ಸಾಕು. ವಿಂಡೋಸ್ ಆದರೆ ಸದ್ದಿನ ತಡ ತಗ್ಗಿಸುವ ಆಸಿಯೊ ಡ್ರೈವರ್ ಹಾಕಿ, 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 128 ಇಡಿ. ಆ ಬಫರ್‌ನ ಒಂದು ಸುತ್ತಿಗೆ ಸುಮಾರು 2.7 ಮಿಲಿಸೆಕೆಂಡ್. ಸದ್ದು ಚಟಪಟ ಒಡೆದರೆ 256ಕ್ಕೆ ಏರಿಸಿ. ಹೆಡ್‌ಫೋನ್ ವೈರ್ ಇರುವುದೇ ಬೇಕು, ಬ್ಲೂಟೂತ್‌ನ ತಡ ಅಭ್ಯಾಸವನ್ನೇ ಕೆಡಿಸುತ್ತದೆ. ಜೂಮ್ ತಾನಾಗಿಯೇ ಉದ್ದದ ಸ್ವರವನ್ನು ಗದ್ದಲ ಎಂದುಕೊಂಡು ಕತ್ತರಿಸುತ್ತದೆ, ಅದಕ್ಕೆ ಸೆಟ್ಟಿಂಗ್‌ನಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿ, ಎಕೊ ಕ್ಯಾನ್ಸಲೇಶನ್ ತೆಗೆಯಿರಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಮ್ಮಲ್ಲಿ ಮಾಮೂಲು. ರೂಟರ್‌ಗೆ ಸಣ್ಣ ಯುಪಿಎಸ್ ಇದ್ದರೆ ಕ್ಲಾಸು ಅರ್ಧಕ್ಕೆ ನಿಲ್ಲದು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದೇ ಇದೆ, ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ಓಡುತ್ತದೆ.

ಊರಲ್ಲೇ ಕಲಿಯುವವರು ಯಾವ ದಾರಿ ಹಿಡಿದರೂ ತೇವದಿಂದ ವಾದ್ಯವನ್ನು ಉಳಿಸಿಕೊಳ್ಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಕೂಸ್ಟಿಕ್ ಗಿಟಾರಿನ ಮೇಲ್ಹಲಗೆ ತೇವ ಹೀರಿ ಉಬ್ಬುತ್ತದೆ, ಬ್ರಿಡ್ಜ್ ಮೇಲೇಳುತ್ತದೆ, ತಂತಿ ಫ್ರೆಟ್ಟಿನಿಂದ ದೂರ ಸರಿಯುತ್ತದೆ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಎತ್ತರ ಸುಮಾರು 2.4 ಮಿ.ಮೀ. ಇರಬೇಕು. ಮೂರು ದಾಟಿದರೆ ಬಾರ್ ಕಾರ್ಡ್ ಹಿಡಿಯುವಷ್ಟರಲ್ಲಿ ಕೈ ನೋಯುತ್ತದೆ, ಮಕ್ಕಳು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. ಗಟ್ಟಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ, ಜೊತೆಗೆ ಒಂದು ಸಣ್ಣ ತೇವಮಾಪಕ ಇಡಿ. ಶೇ. 45ರಿಂದ 55ರ ನಡುವೆ ಇದ್ದರೆ ಸರಿ. ಗೋಡೆಗೆ ನೇತುಹಾಕಬೇಡಿ, ನೋಡಲು ಎಷ್ಟೇ ಚೆಂದವಿದ್ದರೂ.

ಇನ್ನು ಖಾಸಗಿ ಶಾಲೆ. ಚೆನ್ನೈಯಲ್ಲಿ ಎ. ಆರ್. ರೆಹಮಾನ್ 2008ರಲ್ಲಿ ಆರಂಭಿಸಿದ ಕೆಎಂ ಮ್ಯೂಸಿಕ್ ಕನ್ಸರ್ವೇಟರಿ ಇದೆ. ಬೆಂಗಳೂರಿನಲ್ಲಿ 1987ರಿಂದ ನಡೆಯುತ್ತಿರುವ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಹೆಚ್ಚಾಗಿ ಪಾಶ್ಚಾತ್ಯ ಶಾಸ್ತ್ರೀಯದ ಕಡೆಗಿದೆ. ಇನ್ನೂ ಹಲವು ಸಣ್ಣಪುಟ್ಟ ಶಾಲೆಗಳು ಇವೆ. ಕೊಡಗಿಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿ.ಮೀ. ಹಾಗಾಗಿ ವಾರಾಂತ್ಯದ ಕ್ಲಾಸು ಎಂಬ ಆಸೆ ಎರಡು ತಿಂಗಳಲ್ಲೇ ಸೊರಗುತ್ತದೆ, ಸೇರುವುದಾದರೆ ಅಲ್ಲೇ ಉಳಿಯಬೇಕು. ಹಾಸ್ಟೆಲ್ ಬಾಡಿಗೆಯನ್ನು ಫೀಸಿನ ಜೊತೆ ಕೂಡಿಸಿಯೇ ಹೋಲಿಕೆ ಮಾಡಿ. ಫೀಸಿನಲ್ಲಿ ಶೇ. 18 ಜಿಎಸ್‌ಟಿ ಸೇರಿದೆಯೋ, ಮೇಲೆ ಬೀಳುತ್ತದೆಯೋ ಎಂದೂ ಕೇಳಿ.

ಶಾಲೆಯನ್ನು ಅಳೆಯಲು ನಾವು ಬಳಸುವ ಮೊದಲ ಪ್ರಶ್ನೆ: ವಾರಕ್ಕೆ ಎನ್‌ಸೆಂಬಲ್ (ತಂಡವಾಗಿ ನುಡಿಸುವ ಪಾಠ) ಎಷ್ಟು ಗಂಟೆ, ಒಂದು ತಂಡದಲ್ಲಿ ಎಷ್ಟು ಜನ? ಐದು ಜನರ ತಂಡಕ್ಕೆ ವಾರಕ್ಕೆ ಎರಡು ಬಾರಿ, ತಲಾ ಒಂದೂವರೆ ಗಂಟೆ ಸಿಕ್ಕರೆ ಕೊಟ್ಟ ದುಡ್ಡಿಗೆ ಅರ್ಥ. ಹತ್ತು ಜನರನ್ನು ಒಂದು ಕೋಣೆಗೆ ತುಂಬಿ ಸರದಿಯಲ್ಲಿ ನುಡಿಸುತ್ತಿದ್ದರೆ ಅದಕ್ಕೆ ಎನ್‌ಸೆಂಬಲ್ ಎನ್ನಲಾಗದು. ಬ್ರೋಷರ್ ಹೇಳದ ಮಾತೊಂದಿದೆ. ಎಲ್ಲ ಶಾಲೆಗಳಲ್ಲೂ ಗಿಟಾರ್ ಮತ್ತು ಹಾಡಿನವರೇ ಹೆಚ್ಚು, ಬೇಸ್ ಮತ್ತು ಡ್ರಮ್ಸಿನವರು ಕಡಿಮೆ. ಹಾಗಾಗಿ ಬೇಸಿಸ್ಟ್ ಮೂರು ತಂಡಗಳಲ್ಲಿ ನುಡಿಸಿ ಒಂದೇ ಫೀಸಿಗೆ ಮೂರು ಪಟ್ಟು ಕಲಿಯುತ್ತಾರೆ, ಗಿಟಾರಿಸ್ಟ್ ಬೆಂಚಿನಲ್ಲಿ ಕೂತಿರುತ್ತಾರೆ. ಗಿಟಾರಿಗೆ ಸೇರುವವರು ಆ ಬ್ಯಾಚಿನ ಡ್ರಮ್ಮರ್‌ಗಳ ಸಂಖ್ಯೆ ಕೇಳದೆ ಅಡ್ವಾನ್ಸ್ ಕೊಡಬಾರದು.

ಒಳ್ಳೆಯ ಎನ್‌ಸೆಂಬಲ್ ಕ್ಲಾಸು ಹೇಗಿರುತ್ತದೆ ಎಂದು ಡೆಮೊ ದಿನ ಕೂತು ನೋಡಿ. ಹಾಡಿನ ಕಾರ್ಡ್, ಭಾಗಗಳನ್ನು ಬರೆದ ಒಂದು ಪುಟದ ಚಾರ್ಟ್ ಎಲ್ಲರ ಮುಂದೆ ಇರಬೇಕು. ಮೊದಲು ಬೇಸ್ ಮತ್ತು ಡ್ರಮ್ಸ್ ಮಾತ್ರ ಕ್ಲಿಕ್ಕಿನ (ಲಯದ ಎಣಿಕೆ ಕೊಡುವ ಟಿಕ್ ಟಿಕ್ ಸದ್ದು) ಜೊತೆ, ಅದು ಕೂತ ಮೇಲೆ ಕಾರ್ಡ್ ವಾದ್ಯಗಳು, ಕೊನೆಗೆ ಹಾಡು. ಆಮೇಲೆ ಕ್ಲಿಕ್ ತೆಗೆದು ಇನ್ನೊಮ್ಮೆ, ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಲ್ಲೇ ಕೇಳಿಸಬೇಕು. ಎಲ್ಲರೂ ಒಟ್ಟಿಗೆ ಶುರು ಮಾಡಿ ಹಾಡನ್ನು ಐದು ಸಲ ಓಡಿಸುವ ಕ್ಲಾಸು ಮನೆಯಲ್ಲೂ ಆಗುತ್ತದೆ. ಅಭ್ಯಾಸದ ಕೋಣೆ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ, ಮೇಷ್ಟ್ರು ಕಾರ್ಯಕ್ರಮಕ್ಕೆ ಹೋದರೆ ತಪ್ಪಿದ ಪಾಠ ಮತ್ತೆ ಸಿಗುತ್ತದೆಯೇ, ಇವೂ ಲೆಕ್ಕಕ್ಕೆ ಬರುತ್ತವೆ. ಹೆಸರಾಂತರ ಮಾಸ್ಟರ್‌ಕ್ಲಾಸ್ ಫೋಟೊಗಳಿಗೆ ಮರುಳಾಗಬೇಡಿ.

ಮ್ಯೂಸಿಕ್ ಬಿಸಿನೆಸ್ ಎಂಬ ವಿಷಯ ಎಲ್ಲರ ಪಟ್ಟಿಯಲ್ಲೂ ಇರುತ್ತದೆ, ಪಾಠದ ತೂಕದಲ್ಲಿ ಅಜಗಜಾಂತರ. ಪರೀಕ್ಷಿಸಲು ಮೂರು ಪ್ರಶ್ನೆ ಕೇಳಿ. ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗಿನ ಗುರುತು ಸಂಖ್ಯೆ) ಹೇಗೆ ಪಡೆಯುವುದು? ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಗೀತರಚನಕಾರರಿಗೆ, ಸಂಗೀತ ಸಂಯೋಜಕರಿಗೆ ಏನು ಕೊಟ್ಟಿತು? ರೆಕಾರ್ಡಿಂಗ್ ಸೆಷನ್‌ನಲ್ಲಿ ನುಡಿಸಿದವರು ಹಾಡಿನ ರಾಯಲ್ಟಿ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಎಂಬ ಸಂಘದ ಸದಸ್ಯರಾಗಬಹುದೇ? ಸರಿಯಾದ ಉತ್ತರ: ಐಎಸ್‌ಆರ್‌ಸಿಯನ್ನು ಹಾಡು ಹಂಚುವ ಡಿಸ್ಟ್ರಿಬ್ಯೂಟರ್ ಮೂಲಕವೇ ಪಡೆಯಬಹುದು. ತಿದ್ದುಪಡಿಯ ನಂತರ ರಾಯಲ್ಟಿಯ ಸಮಪಾಲಿನ ಹಕ್ಕನ್ನು ಗೀತರಚನಕಾರರು, ಸಂಯೋಜಕರು ತಮ್ಮ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆಯವರಿಗೆ ಬರೆದುಕೊಡಲಾಗದು. ಐಪಿಆರ್‌ಎಸ್ ಇರುವುದು ಸಾಹಿತ್ಯ, ಸಂಯೋಜನೆ ಮತ್ತು ಪ್ರಕಾಶಕರಿಗೆ, ಬರೀ ನುಡಿಸಿದವರಿಗಲ್ಲ. ಇವಕ್ಕೆ ತಡವರಿಸುವ ಶಾಲೆ ಆ ಪೇಪರಿನಲ್ಲಿ ಇನ್‌ಸ್ಟಾಗ್ರಾಂ ಪೋಸ್ಟ್ ಹಾಕುವುದನ್ನು ಹೇಳಿಕೊಡುತ್ತದೆ, ಅಷ್ಟೇ.

ಆರ್ಕೆಸ್ಟ್ರಾ ದಾರಿಯನ್ನು ಕೀಳಾಗಿ ನೋಡುವವರು ಅದನ್ನು ಕಂಡಿಲ್ಲ. ಗಾಯಕರು ವೇದಿಕೆ ಮೇಲೆ ನಿಂತುಕೊಂಡೇ ಸ್ಕೇಲ್ ಅರ್ಧ ಸ್ವರ ಇಳಿಸಿ ಅಂತಾರೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಮುಗಿಸುತ್ತಾರೆ, ಬೇಸಿನವರು ಆ ಕ್ಷಣದಲ್ಲೇ ಮನಸ್ಸಲ್ಲಿ ಬದಲಿಸಬೇಕು. ಇಂಥದ್ದನ್ನು ಯಾವ ಡಿಪ್ಲೊಮಾವೂ ಇಷ್ಟು ಬೇಗ ಕಲಿಸದು. ಪ್ಯಾಡ್ ನುಡಿಸುವವರಿಗಂತೂ ಇದೇ ನಿಜವಾದ ಶಾಲೆ. ಕೊರತೆಯೆಂದರೆ ನೊಟೇಶನ್ ಓದುವ ಅಭ್ಯಾಸ ತಪ್ಪುತ್ತದೆ, ಮೈನಸ್ ಟ್ರ್ಯಾಕ್ (ಹಾಡುಗಾರರ ದನಿ ತೆಗೆದ ರೆಕಾರ್ಡಿಂಗ್) ಹಾಕಿ ನಡೆಸುವ ತಂಡದಲ್ಲಿ ಸೇರಿದರೆ ಕಲಿಯುವುದು ಏನೂ ಇಲ್ಲ. ಸೇರುವ ಮೊದಲು ಅವರ ಒಂದು ಕಾರ್ಯಕ್ರಮದಲ್ಲಿ ಹಿಂದೆ ನಿಂತು ಯಾವ ವಾದ್ಯ ನಿಜಕ್ಕೂ ಸದ್ದು ಮಾಡುತ್ತಿದೆ ನೋಡಿ.

ಕೊಡಗಿನ ಕ್ಯಾಲೆಂಡರ್ ಈ ದಾರಿಗಳನ್ನು ಜೋಡಿಸಲು ಒದಗಿ ಬರುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಮದುವೆಗಳಿಲ್ಲ. ಮಳೆಗೆ ಹೊರಗಿನ ಕಾರ್ಯಕ್ರಮಗಳೂ ಕಡಿಮೆ. ಆ ತಿಂಗಳುಗಳು ಗ್ರೇಡಿಗೆ ಮತ್ತು ಆನ್‌ಲೈನ್ ಪಾಠಕ್ಕೆ. ದಸರಾದಿಂದ ಹೊಸ ವರ್ಷದವರೆಗೆ ಮತ್ತು ಏಪ್ರಿಲ್, ಮೇಯಲ್ಲಿ ವೇದಿಕೆ. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದರಿಂದ ಸೌಂಡ್ ಚೆಕ್ ಸಂಜೆಯೇ ಮುಗಿಸುವ ತಂಡವನ್ನು ಹುಡುಕಿಕೊಳ್ಳಿ.

ಹಾಡುಗಾರರಿಗೆ ನಮ್ಮ ಸಲಹೆ ಬೇರೆ: ಉಸಿರು, ದವಡೆ, ಗಂಟಲಿನ ಬಿಗಿತ ಪರದೆಯ ಮೇಲೆ ಸರಿಯಾಗಿ ಕಾಣದು, ಮೊದಲ ವರ್ಷ ಎದುರಿಗೆ ಕೂತ ಮೇಷ್ಟ್ರೇ ಬೇಕು. ವಾದ್ಯದವರು ಊರಲ್ಲೇ ಗ್ರೇಡ್ 5ರ ಮಟ್ಟಕ್ಕೆ ಬಂದು, ಒಂದು ಸೀಸನ್ ಯಾವುದಾದರೂ ತಂಡದಲ್ಲಿ ನುಡಿಸಿ, ಆಮೇಲೆ ಒಂದು ವರ್ಷದ ಡಿಪ್ಲೊಮಾಕ್ಕೆ ಹೋಗಲಿ. ಹೋಗುವಾಗ ಪೂರ್ತಿ ವರ್ಷದ ಫೀಸು ಒಂದೇ ಸಲ ಕಟ್ಟಿದರೆ ರಿಯಾಯಿತಿ ಅನ್ನುತ್ತಾರೆ, ಒಪ್ಪಬೇಡಿ. ಟರ್ಮ್ ಲೆಕ್ಕದಲ್ಲಿ ಕಟ್ಟಿ. ಮೇಷ್ಟ್ರು ಮಧ್ಯದಲ್ಲಿ ಬಿಟ್ಟುಹೋದರೆ ಹಣ ವಾಪಸು ಹೇಗೆ ಎಂಬುದನ್ನು ರಸೀದಿಯ ಜೊತೆಗೇ ಬರೆಸಿಕೊಳ್ಳಿ.