ಎನ್‌ಫ್ಯೂಸ್, ಆರು ವರ್ಷ ಬಳಸಿದ ಮೇಲೆ: ಸೋಮನಾಥಪುರದ ಭುವನೇಶ್ವರಿಗೂ ಅರಮನೆ ದೀಪಕ್ಕೂ

ಸೋಮನಾಥಪುರದ ಕೇಶವ ದೇವಾಲಯದ ನವರಂಗದಲ್ಲಿ ನಿಂತು ಬಾಗಿಲ ಕಡೆ ಕ್ಯಾಮೆರಾ ಹಿಡಿದರೆ ಒಂದೇ ಫೋಟೊದಲ್ಲಿ ಒಳಗೂ ಹೊರಗೂ ಸಿಗುವುದಿಲ್ಲ. ಕಂಬಗಳ ನುಣುಪಾದ ಬಳೆ ಕಂಡರೆ ಹೊರಗಿನ ಅಂಗಳ ಬೆಳ್ಳಗೆ ಸುಟ್ಟಿರುತ್ತದೆ, ಅಂಗಳ ಉಳಿದರೆ ಒಳಗೆಲ್ಲ ಮಸಿ. ಇಂಥ ಕಡೆ ಹಲವು ಎಕ್ಸ್‌ಪೋಷರ್ (ಒಂದೇ ನೋಟದ, ಬೆಳಕಿನ ಪ್ರಮಾಣ ಬೇರೆ ಬೇರೆಯಾದ ಫ್ರೇಮ್) ತೆಗೆದು ಬೆಸೆಯಲು ನಾನು ನೆಚ್ಚಿಕೊಂಡಿರುವುದು ಎನ್‌ಫ್ಯೂಸ್. ಪನೋರಮಾ ಜೋಡಿಸುವ ಹ್ಯೂಗಿನ್ ತಂತ್ರಾಂಶದ ಜೊತೆಗೇ ಬರುತ್ತದೆ, ಪೂರ್ತಿ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ.

ಎಚ್‌ಡಿಆರ್ (ಕತ್ತಲಿನಿಂದ ಬಿಸಿಲಿನವರೆಗಿನ ಇಡೀ ವ್ಯಾಪ್ತಿಯನ್ನು ಹಿಡಿಯುವ ಚಿತ್ರ) ಸಾಲಿಗೆ ಸೇರಿಸಿದರೂ ಎನ್‌ಫ್ಯೂಸ್ ಎಚ್‌ಡಿಆರ್ ಫೈಲನ್ನು ಮಾಡುವುದೇ ಇಲ್ಲ. ಮರ್ಟೆನ್ಸ್, ಕೌಟ್ಸ್, ವಾನ್ ರೀತ್ 2007ರಲ್ಲಿ ಮಂಡಿಸಿದ ಎಕ್ಸ್‌ಪೋಷರ್ ಫ್ಯೂಷನ್ ವಿಧಾನ ಇದರ ಬುನಾದಿ. ಪ್ರತಿ ಫ್ರೇಮಿನ ಪ್ರತಿ ಪಿಕ್ಸೆಲ್‌ಗೂ ಅಂಕ ಕೊಡುತ್ತದೆ: ಬೆಳಕು ನಡುಮಟ್ಟಕ್ಕೆ ಎಷ್ಟು ಹತ್ತಿರ, ಬಣ್ಣ ಎಷ್ಟು ಗಾಢ, ಸುತ್ತಲಿನ ಕಾಂಟ್ರಾಸ್ಟ್ ಎಷ್ಟು. ಹೆಚ್ಚು ಅಂಕದ ಪಿಕ್ಸೆಲ್‌ಗೆ ಹೆಚ್ಚು ಪಾಲು. ಟೋನ್ ಮ್ಯಾಪಿಂಗ್ (ಆ ವ್ಯಾಪ್ತಿಯನ್ನು ಪರದೆಗೆ ಹೊಂದುವಂತೆ ಕುಗ್ಗಿಸುವ ಕೆಲಸ) ನಡುವೆ ಬರುವುದೇ ಇಲ್ಲವಾದ್ದರಿಂದ ಬಳಪದ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಅತಿಯಾಗಿ ಟೋನ್ ಮ್ಯಾಪ್ ಮಾಡಿದ ಚಿತ್ರಗಳಲ್ಲಿ ಗೋಪುರದ ಅಂಚಿಗೆ ಅಂಟುವ ಬಿಳಿ ಪ್ರಭೆ, ಎಣ್ಣೆ ಹಚ್ಚಿದಂಥ ಹೊಳಪು ಇಲ್ಲಿ ತೀರ ಅಪರೂಪ. ಹೊಯ್ಸಳರ ಕೆತ್ತನೆಗೆ ಆ ಹೊಳಪು ಬಳಿಯುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಚಿತ್ರ ಕೆಡುವುದು ಬಹುತೇಕ ಕ್ಯಾಮೆರಾದಲ್ಲೇ. ಅಪರ್ಚರ್, ಐಎಸ್‌ಒ, ವೈಟ್ ಬ್ಯಾಲೆನ್ಸ್, ಫೋಕಸ್ ನಾಲ್ಕನ್ನೂ ಕಟ್ಟಿಹಾಕಿ ಷಟರ್ ವೇಗ ಒಂದನ್ನೇ ಬದಲಿಸಬೇಕು. ಬಾಗಿಲಾಚೆಯ ಬಿಸಿಲೂ ಚೌಕಟ್ಟಿನಲ್ಲಿದ್ದರೆ ಎಫ್/8, ಐಎಸ್‌ಒ 100ಕ್ಕೆ 1/250 ಸೆಕೆಂಡಿನಿಂದ 4 ಸೆಕೆಂಡಿನವರೆಗೆ ಎರಡೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಅಂತರದಲ್ಲಿ 6 ಫ್ರೇಮ್ ಬೇಕಾಗುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಅದನ್ನು ಮೊದಲೇ ಪಡೆಯಿರಿ. ಬರೀ ಭುವನೇಶ್ವರಿ (ಕೆತ್ತನೆಯ ಒಳಚಾವಣಿ) ತೆಗೆಯುವುದಾದರೆ ಟ್ರೈಪಾಡಿನ ಹಂಗೇ ಇಲ್ಲ: ಮಡಿಸಿದ ಟವೆಲ್ ನೆಲಕ್ಕೆ ಹಾಸಿ, ಕ್ಯಾಮೆರಾವನ್ನು ಮೇಲ್ಮುಖವಾಗಿ ಮಲಗಿಸಿ, ಟೈಮರ್ ಹಾಗೂ ಬ್ರ್ಯಾಕೆಟಿಂಗ್ (ಬೇರೆ ಬೇರೆ ಎಕ್ಸ್‌ಪೋಷರ್ ಅನ್ನು ಕ್ಯಾಮೆರಾವೇ ಸಾಲಾಗಿ ತೆಗೆಯುವುದು) ಒಟ್ಟಿಗೆ ಹಾಕಿದರೆ ಆಯಿತು. ಬಾಗಿಲು ಚೌಕಟ್ಟಿನಲ್ಲಿ ಇಲ್ಲದ್ದರಿಂದ 1/2, 2, 8 ಸೆಕೆಂಡಿನ ಮೂರು ಫ್ರೇಮ್ ಸಾಕು.

ರಾ ಫೈಲ್‌ಗಳನ್ನು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲ್) 16 ಬಿಟ್ ಟಿಫ್ ಮಾಡುವಾಗ ಆಟೊ ಬ್ರೈಟ್‌ನೆಸ್ ಅನ್ನು ಆಫ್ ಮಾಡಲೇಬೇಕು. ಇಲ್ಲದಿದ್ದರೆ ತಂತ್ರಾಂಶ ಪ್ರತಿ ಫ್ರೇಮನ್ನೂ ತನ್ನಷ್ಟಕ್ಕೆ ಸರಿಪಡಿಸಿ, ನೀವು ಕಷ್ಟಪಟ್ಟು ತಂದ ವ್ಯತ್ಯಾಸವನ್ನೇ ಅಳಿಸಿಹಾಕುತ್ತದೆ. ಲೆನ್ಸ್ ತಿದ್ದುಪಡಿ ಮಾಡಿದರೆ ಎಲ್ಲಕ್ಕೂ ಮಾಡಿ, ಷಾರ್ಪನಿಂಗ್ ಕೊನೆಗಿರಲಿ. ಆಮೇಲೆ ಹ್ಯೂಗಿನ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್‌ನಿಂದ ಫ್ರೇಮ್‌ಗಳನ್ನು ಹೊಂದಿಸಬೇಕು. ಅದು ಒಂದರ ಪಕ್ಕದ ಒಂದನ್ನು ಹೋಲಿಸಿ ಸಮಾನ ಬಿಂದುಗಳನ್ನು ಹುಡುಕುತ್ತದೆ. ನಡುವಿನ ಒಂದು ಫ್ರೇಮ್ ತಪ್ಪಿ ಅಂತರ 4 ಸ್ಟಾಪ್ ಆದರೆ, ಕತ್ತಲ ಚಿತ್ರದಲ್ಲಿ ಬಿಂದುಗಳೇ ಸಿಗದೆ ಜೋಡಣೆ ವಾಲುತ್ತದೆ. ಡಿಸ್ಕ್ ಜಾಗವನ್ನೂ ನೋಡಿಕೊಳ್ಳಿ: 24 ಮೆಗಾಪಿಕ್ಸೆಲ್‌ನ 16 ಬಿಟ್ ಟಿಫ್, ಕಂಪ್ರೆಸ್ ಮಾಡದಿದ್ದರೆ 144 ಎಂಬಿ. ಹೊಂದಿಸಿದ ಮೇಲೆ ಆಲ್ಫಾ ಚಾನೆಲ್ (ಪಾರದರ್ಶಕ ಜಾಗ ಯಾವುದೆಂಬ ದಾಖಲೆ) ಸೇರಿ 192 ಎಂಬಿ. ಆರು ಫ್ರೇಮ್ ಎಂದರೆ ಒಂದು ಜಿಬಿಗೂ ಮೀರಿತು.

ಕಮಾಂಡ್ ಸಾಲು ಎಂದರೆ ಹಿಂಜರಿಯುವವರಿಗೆ ಡಿಜಿಕ್ಯಾಮ್ ಎಂಬ ಫೋಟೊ ತಂತ್ರಾಂಶದ ಎಕ್ಸ್‌ಪೋಷರ್ ಬ್ಲೆಂಡಿಂಗ್ ಕಿಟಕಿ ಇದೆ, ಹಿಂದೆ ಕೆಲಸ ಮಾಡುವುದು ಅಲೈನ್ ಇಮೇಜ್ ಸ್ಟ್ಯಾಕ್, ಎನ್‌ಫ್ಯೂಸ್ ಇವೇ ಎರಡು.

ಎನ್‌ಫ್ಯೂಸ್‌ನಲ್ಲಿ ತಾನಾಗಿ ಬರುವ ತೂಕಗಳು: ಎಕ್ಸ್‌ಪೋಷರ್‌ಗೆ 1, ಸ್ಯಾಚುರೇಷನ್‌ಗೆ 0.2, ಕಾಂಟ್ರಾಸ್ಟ್‌ಗೆ 0. ಕಲ್ಲಿನ ಒಳಾಂಗಣಕ್ಕೆ ಸ್ಯಾಚುರೇಷನ್ ತೂಕವನ್ನು ಸೊನ್ನೆ ಮಾಡಿ. ಕತ್ತಲ ಫ್ರೇಮಿನ ಬೂದು ಕಲ್ಲಿನಲ್ಲಿ ಎದ್ದ ಕೆಂಪು, ಹಸಿರು ನಾಯ್ಸ್ ಚುಕ್ಕೆಗಳನ್ನೇ ಅದು ಗಾಢ ಬಣ್ಣವೆಂದು ಎಣಿಸಿ ಅಂಕ ಕೊಡುತ್ತದೆ. ಸೊನ್ನೆ ಮಾಡಿದರೆ ಭುವನೇಶ್ವರಿಯ ಬಾಳೆಮೊಗ್ಗಿನ ಮಡಿಕೆಗಳಲ್ಲಿ ಆ ಚುಕ್ಕೆಗಳು ಎದ್ದು ಕಾಣುವುದು ಕಡಿಮೆಯಾಗುತ್ತದೆ.

ಮೈಸೂರು ಅರಮನೆಯ ದೀಪದಲ್ಲಿ ಸಮಸ್ಯೆಯೇ ಬೇರೆ. ಫ್ರೇಮ್ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಪೆಟ್ಟು ತಿನ್ನುತ್ತದೆ. ಸುಮಾರು ಒಂದು ಲಕ್ಷ ಬಲ್ಬು, ಒಂದೊಂದೂ ಒಂದು ಚುಕ್ಕೆ. ತೀರ ಕಪ್ಪಾದ ಫ್ರೇಮನ್ನೂ ಸೇರಿಸಿದರೆ ಬಲ್ಬಿಗೆ ನಡುಮಟ್ಟದ ಬೆಳಕು ಸಿಗುವುದು ಅದರಲ್ಲೇ, ಎನ್‌ಫ್ಯೂಸ್ ಅದನ್ನೇ ಆಯ್ದುಕೊಳ್ಳುತ್ತದೆ. ಚಿತ್ರ ಹಿಗ್ಗಿಸಿ ನೋಡಿದರೆ ಬಲ್ಬುಗಳು ಆರಿದ ಕೆಂಡದ ಹಾಗೆ ಮಂಕು ಹಳದಿ, ದೀಪ ಉರಿಯುತ್ತಿದೆ ಎಂದೇ ಅನಿಸುವುದಿಲ್ಲ. ಆ ಫ್ರೇಮ್ ಬಿಟ್ಟು 1/2, 2, 8 ಸೆಕೆಂಡಿನ ಮೂರನ್ನೇ ಬೆಸೆಯಿರಿ. ಆದರೂ ಮಂಕಾದರೆ ಎಕ್ಸ್‌ಪೋಷರ್ ಆಪ್ಟಿಮಮ್ ಅನ್ನು 0.5ರಿಂದ 0.6ಕ್ಕೆ ಏರಿಸಿ. ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಮ್ಯೂ ಎಂಬ ಹೆಸರಿತ್ತು.

ಆಕಾಶದ ನೀಲಿಯನ್ನು ಮಾತ್ರ ಯಾವ ತಂತ್ರಾಂಶವೂ ತಂದುಕೊಡದು. ಭಾನುವಾರ ಸಂಜೆ 7ರ ಹೊತ್ತಿಗೆ ದೀಪ ಹತ್ತುತ್ತದೆ. ಜೂನ್‌ನಲ್ಲಿ ಸೂರ್ಯ ಮುಳುಗುವುದು 6.50ರ ಸುಮಾರಿಗೆ, ಹಾಗಾಗಿ ಗುಮ್ಮಟಗಳ ಹಿಂದೆ ಇನ್ನೂ ನೀಲಿ ಇರುತ್ತದೆ, ಮಳೆ ಮೋಡ ಅಡ್ಡ ಬರದಿದ್ದರೆ. ದಸರೆಯ ಹೊತ್ತಿಗೆ ಸೂರ್ಯಾಸ್ತ 6 ಗಂಟೆಯ ಆಸುಪಾಸು, 7ಕ್ಕೆ ಆಕಾಶ ಕಗ್ಗತ್ತಲು. ಎಷ್ಟು ಫ್ರೇಮ್ ಬೆಸೆದರೂ ಅಷ್ಟೇ.

ಇದರ ದೊಡ್ಡ ಕೊರತೆ ಅಲುಗಾಡುವ ವಸ್ತುಗಳು. ಎನ್‌ಫ್ಯೂಸ್‌ಗೆ ಜನ, ಪಾರಿವಾಳ, ಬಾವುಟ ಯಾವುದೂ ಗೊತ್ತಿಲ್ಲ, ಎಲ್ಲ ಫ್ರೇಮಿನದ್ದನ್ನೂ ಸೇರಿಸಿ ಅರೆಪಾರದರ್ಶಕ ನೆರಳು ಬಿಡುತ್ತದೆ. ಶ್ರೀರಂಗಪಟ್ಟಣದ ನದಿದಂಡೆಯ ಮರದೆಲೆ, ಮೇಲುಕೋಟೆ ಕಲ್ಯಾಣಿಯ ನೀರಿನ ಅಲೆ ಎರಡೂ ಹೀಗೇ ಕಲಸಿಹೋಗುತ್ತವೆ. ಪರಿಹಾರ ಕೈಕೆಲಸ: ಹೊಂದಿಸಿದ ಫೈಲ್‌ಗಳನ್ನು ಗಿಂಪ್‌ನಲ್ಲಿ ತೆರೆದು, ಅಲುಗಿದ ಭಾಗವನ್ನು ಒಂದು ಫ್ರೇಮಿನಲ್ಲಿ ಉಳಿಸಿ, ಉಳಿದವುಗಳಲ್ಲಿ ಗಟ್ಟಿ ಅಂಚಿನ ಇರೇಸರ್‌ನಿಂದ ಅಳಿಸಿ. ಪಾರದರ್ಶಕವಾದ ಜಾಗವನ್ನು ಎನ್‌ಫ್ಯೂಸ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಲ್ಕು ಜನರಿದ್ದರೆ ಇದು ಸಾಗುತ್ತದೆ. ಜಾತ್ರೆಯ ಗುಂಪಿದ್ದರೆ ಲೈಟ್‌ರೂಮ್‌ನ ಎಚ್‌ಡಿಆರ್ ಮರ್ಜ್ ಮೇಲು, ಅದರಲ್ಲಿ ಡಿಘೋಸ್ಟ್ (ಅಲುಗಿದವುಗಳ ನೆರಳು ತೆಗೆಯುವುದು) ಮೂರು ಹಂತದಲ್ಲಿದೆ, ಫಲಿತಾಂಶವೂ ರಾ ಬಗೆಯ ಡಿಎನ್‌ಜಿ ಆಗಿ ಬರುವುದರಿಂದ ಆಮೇಲೆ ತಿದ್ದಲು ಅವಕಾಶ ಹೆಚ್ಚು. ಹಣ ಮಾತ್ರ ತೆರಬೇಕು.

ಎನ್‌ಫ್ಯೂಸ್‌ನಿಂದ ಬಂದ ಚಿತ್ರ ಮೊದಲ ನೋಟಕ್ಕೆ ಸಪ್ಪೆ. ಅದನ್ನೇ ಕೊನೆಯದೆಂದು ತಿಳಿದು ನಿರಾಶರಾಗಬೇಡಿ, ಕರ್ವ್ಸ್‌ನಲ್ಲಿ ಕಪ್ಪನ್ನು ತುಸು ಇಳಿಸಿದರೆ ಕೆತ್ತನೆಯ ಆಳ ಎದ್ದು ಬರುತ್ತದೆ. 16 ಬಿಟ್‌ನಲ್ಲೇ ಉಳಿಸಿಕೊಂಡಿದ್ದರೆ ಇದಕ್ಕೆ ಬೇಕಾದಷ್ಟು ಜಾಗವಿರುತ್ತದೆ.

ದೇವಾಲಯದ ಹೊರಗೋಡೆಯ ಆನೆ, ಕುದುರೆ ಪಟ್ಟಿಕೆಗಳಿಗೆ ಇಷ್ಟೆಲ್ಲ ಬೇಡ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದ ಒಂದೇ ರಾ ಫೈಲ್‌ನಲ್ಲಿ ನೆರಳೂ ಬೆಳಕೂ ಎರಡೂ ಸಿಗುತ್ತವೆ.