ಮಿಡಲ್‌ಟನ್‌ನ ಸಾಸಿವೆ ಮ್ಯೂಸಿಯಂ: ನೋಡೋಕೆ ಪುಕ್ಕಟೆ, ಜೇಬು ಹುಷಾರು

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಊರು ಮ್ಯಾಡಿಸನ್. ಅದಕ್ಕೆ ಅಂಟಿಕೊಂಡೇ ಇರುವ ಮಿಡಲ್‌ಟನ್‌ನಲ್ಲಿ ನ್ಯಾಷನಲ್ ಮಸ್ಟರ್ಡ್ ಮ್ಯೂಸಿಯಂ ಇದೆ. 1992ರಲ್ಲಿ ಮೌಂಟ್ ಹೋರೆಬ್‌ನಲ್ಲಿ ಶುರುವಾಗಿ, 2009ರಲ್ಲಿ ಇಲ್ಲಿಗೆ ಬಂತು. ಪ್ರವೇಶ ಉಚಿತ. ಸಾಸಿವೆ ಅರೆದು ಮಾಡುವ ಮಸ್ಟರ್ಡ್ ಪೇಸ್ಟಿನ ಸಾಲುಸಾಲು ಜಾಡಿಗಳನ್ನು ನೋಡಲು ಅರ್ಧ ಗಂಟೆ ಧಾರಾಳ.

ಮಜಾ ಇರುವುದು ಅಂಗಡಿಯ ರುಚಿ ನೋಡುವ ಕೌಂಟರಿನಲ್ಲಿ. ಸಿಹಿ, ಜೇನು ಬೆರೆತವುಗಳಿಂದ ಶುರುಮಾಡಿ, ಘಾಟಿನವನ್ನು ಕೊನೆಗಿಡಿ. ಮೊದಲೇ ಘಾಟು ಮೂಗಿಗೇರಿದರೆ ಉಳಿದದ್ದೆಲ್ಲ ಸಪ್ಪೆ. ಒಗ್ಗರಣೆಯಲ್ಲಿ ಚಟಪಟ ಸಿಡಿದ ಸಾಸಿವೆಗೆ ಈ ಘಾಟಿಲ್ಲ, ಬಿಸಿ ಎಣ್ಣೆ ಘಾಟು ಹುಟ್ಟಿಸುವ ಕಿಣ್ವವನ್ನೇ ಕೊಲ್ಲುತ್ತದೆ. ತಣ್ಣೀರಲ್ಲಿ ಅರೆದಾಗಲೇ ಘಾಟು ಹುಟ್ಟುವುದು. ಸಾಸ್ಮೆ ಮಾಡುವವರಿಗೆ ಇದನ್ನು ಹೇಳಬೇಕಿಲ್ಲ! ಅಮೆರಿಕದ ಹಳದಿ ಮಸ್ಟರ್ಡ್‌ಗೆ ಆ ಬಣ್ಣ ಬರುವುದು ಅರಿಶಿನದಿಂದ. ಅದು ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಕೊಳ್ಳಬೇಡಿ. ಕಾಳುಕಾಳಾಗಿರುವ ಒರಟು ಮಸ್ಟರ್ಡ್ ತಗೊಳ್ಳಿ, ಮೊಸರನ್ನಕ್ಕೆ ಚೆನ್ನಾಗಿ ಹೊಂದುತ್ತದೆ.

ವಿಮಾನದಲ್ಲಿ ಮರಳುವವರು ಜಾಡಿಯನ್ನು ಚೆಕ್-ಇನ್ ಬ್ಯಾಗಿನಲ್ಲೇ ಇಡಬೇಕು. ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದರೆ ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಗಾಜಿನ ಜಾಡಿಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಬಟ್ಟೆಯ ನಡುವೆ ಇಡಿ. ಒಡೆದರೆ ಬಟ್ಟೆಗೆಲ್ಲ ಮಸ್ಟರ್ಡ್ ಮೆತ್ತಿಕೊಳ್ಳುತ್ತದೆ.